ಜಾಕ್ ಜಾನ್ಸನ್: ಲೆಕ್ಕ ತೆಗೆದು ನೋಡಿದರೆ

ಇವತ್ತು ಬಾಕ್ಸಿಂಗ್‌ನ ವಿಶ್ವ ಹೆವಿವೇಟ್ ಪಂದ್ಯ ಅಂದರೆ 12 ಸುತ್ತು. ಸುತ್ತಿಗೆ 3 ನಿಮಿಷ, ನಡುವೆ 1 ನಿಮಿಷ ದಣಿವಾರಿಸಿಕೊಳ್ಳಲು. ಕೊನೆಯ ಗಂಟೆಯವರೆಗೂ ಇಬ್ಬರೂ ಕಾಲ ಮೇಲೆ ನಿಂತೇ ಇದ್ದರೂ 47 ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. 1910ರ ಜುಲೈ 4ರಂದು ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಿನಲ್ಲಿ ಜಾಕ್ ಜಾನ್ಸನ್ ಮತ್ತು ಜಿಮ್ ಜೆಫ್ರೀಸ್ ಎದುರುಬದುರಾದಾಗ ಕರಾರಿನಲ್ಲಿ ಬರೆದಿದ್ದದ್ದು 45 ಸುತ್ತು. ಪೂರ್ತಿ ನಡೆದಿದ್ದರೆ ಮೂರು ಗಂಟೆಗೆ ಒಂದೇ ನಿಮಿಷ ಕಡಿಮೆ. ಅದೂ ಬೇಸಿಗೆಯ ಮಧ್ಯಾಹ್ನ, ತೆರೆದ ಬಯಲಿನಲ್ಲಿ.

ಲಚ್ಯಾಣದ ಆಸುಪಾಸು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿ ನೋಡಿ ಬೆಳೆದವರಿಗೆ ಗಡಿಯಾರ ಕೇಳದ ಕಾಳಗ ಹೊಸದೇನಲ್ಲ. ತೆಂಗಿನಕಾಯಿಗೆ ಹಿಡಿಯುವ ಹುಡುಗರಿಂದ ಶುರುವಾಗಿ ಬೆಳ್ಳಿ ಕಡಗದ ಜೋಡಿ ಬರುವ ಹೊತ್ತಿಗೆ ಹೊತ್ತು ಇಳಿದಿರುತ್ತದೆ; ಒಬ್ಬ ಚಿತ್ ಆಗುವ ತನಕ ಹಲಗಿಯ ಸಪ್ಪಳ ನಿಲ್ಲುವುದಿಲ್ಲ. ರೀನೋದಲ್ಲಿ ನಡೆದದ್ದೂ ಒಂದು ಬಗೆಯ ನಿಕಾಲಿಯೇ. ಅಲ್ಲಿ ಕೆಮ್ಮಣ್ಣಿನ ಮೆತ್ತೆ ಇರಲಿಲ್ಲ, ಹಿಡಿತ-ಪಟ್ಟು ಇರಲಿಲ್ಲ, ಮುಖಕ್ಕೆ ಬೀಳುವ ಗುದ್ದು ಮಾತ್ರ ಇತ್ತು.

ರೀನೋದ ಜನಸಂಖ್ಯೆ ಆಗ ಸುಮಾರು 11 ಸಾವಿರ. ಪಂದ್ಯ ನೋಡಲು ಕೂತವರು ಸುಮಾರು 20 ಸಾವಿರ. ಊರಿನಲ್ಲಿದ್ದವರಿಗಿಂತ ಹೆಚ್ಚು ಕಡಿಮೆ ಎರಡುಪಟ್ಟು ಜನ ಒಂದೇ ಕಟ್ಟಿಗೆಯ ಅಖಾಡದಲ್ಲಿ. ಆ ಅಖಾಡ ಕೂಡ ಮೊದಲಿದ್ದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗಬೇಕಿದ್ದ ಪಂದ್ಯವನ್ನು ಕ್ಯಾಲಿಫೋರ್ನಿಯಾದ ಗವರ್ನರ್ ನಿಲ್ಲಿಸಿದ್ದರಿಂದ ಕೆಲವೇ ವಾರಗಳಲ್ಲಿ ಇಲ್ಲಿ ಎಬ್ಬಿಸಿ ನಿಲ್ಲಿಸಿದ್ದು. ಪಂದ್ಯದ ಮೊತ್ತ 1,01,000 ಡಾಲರ್. ಆಗಿನ ದರದಲ್ಲಿ ನಮ್ಮ ಮೂರು ಲಕ್ಷ ರೂಪಾಯಿ ದಾಟುತ್ತದೆ. ಚಿನ್ನಕ್ಕೆ ಅಳೆದರೆ, ಔನ್ಸಿಗೆ 20.67 ಡಾಲರ್ ಎಂದು ಕಟ್ಟಿದ್ದ ಆ ಕಾಲದ ಬೆಲೆಯಂತೆ, 152 ಕಿಲೋ ಬಂಗಾರ. ಒಂದು ಮಧ್ಯಾಹ್ನಕ್ಕೆ, ಇಬ್ಬರು ಮನುಷ್ಯರಿಗೆ.

ಇಷ್ಟು ಹಣ, ಇಷ್ಟು ಜನ ಯಾಕೆ? ಜಾನ್ಸನ್ ಕಪ್ಪು ಮನುಷ್ಯ, ಜೆಫ್ರೀಸ್ ಬಿಳಿಯ ಎನ್ನುವುದೊಂದೇ ಕಾರಣ. ಹೆವಿವೇಟ್ ಪಟ್ಟ ಕಪ್ಪು ಮನುಷ್ಯನ ಕೈಯಲ್ಲಿ ಇರುವುದನ್ನು ಬಿಳಿಯ ಅಮೆರಿಕ ಸಹಿಸದಾಗಿತ್ತು.

ಜಾನ್ಸನ್‌ನ ಹೆಸರು ನೂರು ವರ್ಷಗಳಲ್ಲಿ ಎರಡು ತುದಿಗೆ ತೂಗಿದೆ. ಬದುಕಿದ್ದಾಗ ಅವನನ್ನು ಸೊಕ್ಕಿನವನು, ಸೋಮಾರಿ, ಹೇಡಿ, ಪಂದ್ಯ ಮಾರಿಕೊಂಡವನು ಅಂದರು. ಸತ್ತ ಮೇಲೆ, ಅದರಲ್ಲೂ 1960ರ ದಶಕದಿಂದೀಚೆಗೆ, ಹುತಾತ್ಮ ಅಂದರು. ಅಂಕಿಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ಅವನು ಈ ಎರಡರಲ್ಲಿ ಒಂದಕ್ಕೂ ಸಿಗುವುದಿಲ್ಲ. ಬೈದವರು ಹೇಳಿದ್ದಕ್ಕಿಂತ ಬಹಳ ದೊಡ್ಡ ಪೈಲ್ವಾನ ಅವನು. ಹೊಗಳಿದವರು ಮರೆಸಿದ ಒಂದು ದೊಡ್ಡ ಸಾಲವೂ ಅವನ ತಲೆಯ ಮೇಲಿದೆ.

ಹುಟ್ಟಿನಿಂದಲೇ ಹಿಡಿಯೋಣ. ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಎಂಬ ಬಂದರು ಊರಿನಲ್ಲಿ 1865ರ ಜೂನ್ 19ರಂದು ಗುಲಾಮರೆಲ್ಲ ಸ್ವತಂತ್ರರು ಎಂದು ಸೇನೆ ಡಂಗುರ ಸಾರಿತು. ಅದೇ ಊರಿನಲ್ಲಿ ಸುಮಾರು 13 ವರ್ಷಗಳ ತರುವಾಯ, 1878ರ ಮಾರ್ಚ್ 31ರಂದು, ಗುಲಾಮರಾಗಿದ್ದ ತಂದೆತಾಯಿಯ ಮಗನಾಗಿ ಜಾನ್ಸನ್ ಹುಟ್ಟಿದ. 1900ರ ಸೆಪ್ಟೆಂಬರ್ 8ರ ಬಿರುಗಾಳಿ ಆ ಊರನ್ನು ನೆಲಸಮ ಮಾಡಿತು. ಸತ್ತವರು ಕನಿಷ್ಠ 6,000. ಅಮೆರಿಕ ಕಂಡ ಪ್ರಕೃತಿ ವಿಕೋಪಗಳಲ್ಲಿ ಇಷ್ಟು ಜೀವ ತೆಗೆದದ್ದು ಇನ್ನೊಂದಿಲ್ಲ. ಐದೂವರೆ ತಿಂಗಳಿಗೆ ಅಲ್ಲೇ ಜೋ ಚೊಯಿನ್ಸ್ಕಿ ಎಂಬ ಹಳೆಯ ಹುಲಿ ಜಾನ್ಸನ್‌ನನ್ನು ಮೂರನೇ ಸುತ್ತಿನಲ್ಲಿ ಮಲಗಿಸಿದ. ಹಣದ ಮುಷ್ಟಿಯುದ್ಧ ಅಲ್ಲಿ ಅಪರಾಧವಾದ್ದರಿಂದ ಇಬ್ಬರೂ ಮೂರು ವಾರದಷ್ಟು ಕಾಲ ಜೈಲಿನಲ್ಲಿದ್ದರು. ಚೊಯಿನ್ಸ್ಕಿ ಜೈಲಿನೊಳಗೇ ಹುಡುಗನಿಗೆ ಪಾಠ ಹೇಳಿದ. ಏಟು ತಪ್ಪಿಸುವ ಆ ಕಲೆ ಮುಂದೆ ಲೋಕವನ್ನೇ ಸುಸ್ತು ಮಾಡಿತು.

1903ರ ಫೆಬ್ರುವರಿಯಲ್ಲಿ ಜಾನ್ಸನ್ 'ಕಪ್ಪುಜನರ ಹೆವಿವೇಟ್ ಚಾಂಪಿಯನ್' ಆದ. ಹೌದು, ಅಂಥದೊಂದು ಬೇರೆ ಪಟ್ಟವೇ ಇತ್ತು. 1882ರಲ್ಲಿ ಜಾನ್ ಎಲ್. ಸುಲಿವನ್ ಪಟ್ಟಕ್ಕೆ ಬಂದಂದಿನಿಂದ ಕಾರ್ಬೆಟ್, ಫಿಟ್ಸಿಮನ್ಸ್, ಜೆಫ್ರೀಸ್, ಹಾರ್ಟ್ ಹೀಗೆ ಸುಲಿವನ್ ಸೇರಿ ಐವರು ಬಂದುಹೋದರು. ಪಟ್ಟ ಪಣಕ್ಕಿಟ್ಟು ಒಬ್ಬನಾದರೂ ಕಪ್ಪು ಮನುಷ್ಯನ ಎದುರು ನಿಲ್ಲಲಿಲ್ಲ. ಇದು ಬಲದ ಪ್ರಶ್ನೆಯಾಗಿರಲಿಲ್ಲ. 1891ರಲ್ಲಿ, ಪಟ್ಟಕ್ಕೆ ಬರುವ ಮುನ್ನ, ಕಾರ್ಬೆಟ್ ಕಪ್ಪುವರ್ಣದ ಪೀಟರ್ ಜಾಕ್ಸನ್ ಎದುರು 61 ಸುತ್ತು ಸೆಣಸಿದ್ದ. ನಾಲ್ಕು ಗಂಟೆಯ ಕಾಳಗ, ಫಲಿತಾಂಶವಿಲ್ಲ. ಮರುವರ್ಷ ಪಟ್ಟ ಕೈಗೆ ಬಂದ ಮೇಲೆ ಮಾತ್ರ ಜಾಕ್ಸನ್‌ಗೆ ಬಾಗಿಲು ಮುಚ್ಚಿತು. 1905ರಲ್ಲಿ ಜೆಫ್ರೀಸ್ ಕೂಡ ಜಾನ್ಸನ್‌ಗೆ ಮುಖ ಕೊಡದೆ, ಸೋಲಿಲ್ಲದ ಸರದಾರನಾಗಿ ಹೊಲಮನೆ ನೋಡಿಕೊಳ್ಳಲು ಹೋದ.

ಜಾನ್ಸನ್ ಕಾದದ್ದು 1908ರ ಡಿಸೆಂಬರ್ 26ರ ತನಕ. ಐದು ವರ್ಷ ಹತ್ತು ತಿಂಗಳು. ಆಗಿನ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಗಿ, ಸಿಡ್ನಿಯಲ್ಲಿ ಹಿಡಿದ. ಬರ್ನ್ಸ್ ಒಪ್ಪಿದ್ದು ಹಣಕ್ಕೆ: ಅವನಿಗೆ 30 ಸಾವಿರ ಡಾಲರ್, ಜಾನ್ಸನ್‌ಗೆ 5 ಸಾವಿರ. ಜಾನ್ಸನ್‌ನ ಎತ್ತರ ಆರಡಿ, ಬರ್ನ್ಸ್‌ನದು ಐದಡಿ ಏಳಿಂಚು. 14ನೇ ಸುತ್ತಿನಲ್ಲಿ ಪೊಲೀಸರು ನಡುವೆ ಬಂದು ನಿಲ್ಲಿಸಿದರು; ಬಿಳಿಯ ಚಾಂಪಿಯನ್ ನೆಲಕ್ಕೊರಗುವ ದೃಶ್ಯ ಉಳಿಯಬಾರದೆಂದು ಕ್ಯಾಮೆರಾವನ್ನೂ ನಿಲ್ಲಿಸಿದರು. ಆ ವರ್ಷ ಅಮೆರಿಕದಲ್ಲಿ ಗುಂಪುಗಳು ಕೊಂದ ಕಪ್ಪುಜನರ ಸಂಖ್ಯೆ, ಟಸ್ಕೀಗಿ ಸಂಸ್ಥೆಯ ಎಣಿಕೆಯಂತೆ, 89. ದೇಶದ ಸುಮಾರು ಒಂಬತ್ತು ಕೋಟಿ ಜನರಲ್ಲಿ ಕಪ್ಪುಜನ ಒಂದು ಕೋಟಿಯೂ ಇರಲಿಲ್ಲ. ಅಂಥ ನೆಲದಿಂದ ಬಂದವನು ಲೋಕದ ಅತಿ ಬಲಶಾಲಿ ಎಂಬ ಹೆಸರು ಹೊತ್ತು ಮನೆಗೆ ಮರಳಿದ.

ಸೋಮಾರಿ, ಹೊಡೆಯುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಹೆಚ್ಚು ಅನ್ನುವ ದೂರಿಗೆ ಇಲ್ಲೇ ಉತ್ತರ ಹೇಳಬೇಕು. 20 ಸುತ್ತು, 45 ಸುತ್ತಿನ ಕರಾರಿಗೆ ಇಳಿಯುವವನು ಉಸಿರನ್ನು ಕಾಸಿನಂತೆ ಎಣಿಸಿ ಖರ್ಚು ಮಾಡಬೇಕು. ಬಿಳಿಯ ಎದುರಾಳಿಯನ್ನು ಎರಡೇ ನಿಮಿಷಕ್ಕೆ ಮಲಗಿಸಿದರೆ ಮುಂದೆ ಯಾರೂ ಜೋಡಿಗೆ ಬರುವುದಿಲ್ಲ, ಹೊಟ್ಟೆಪಾಡು ನಿಲ್ಲುತ್ತದೆ. ಮಲಗಿಸದೆ ಬಿಟ್ಟರೆ ರೆಫರಿಯ ತೀರ್ಪು ಕೈಕೊಡುತ್ತದೆ. 1905ರಲ್ಲಿ ಮಾರ್ವಿನ್ ಹಾರ್ಟ್ ಎದುರು 20 ಸುತ್ತು ಆಡಿ ಹಾಗೆಯೇ ಕಳೆದುಕೊಂಡಿದ್ದ. ಈ ಎರಡರ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಬೆಳೆದ ವಿದ್ಯೆ ಅದು. ಬೇಕೆಂದಾಗ ಅವನ ಕೈ ಎಷ್ಟು ಬಿರುಸು ಎನ್ನುವುದನ್ನು 1909ರ ಅಕ್ಟೋಬರಿನಲ್ಲಿ ಸ್ಟ್ಯಾನ್ಲಿ ಕೆಚೆಲ್ ಕಂಡ. 12ನೇ ಸುತ್ತಿನಲ್ಲಿ ಅವನು ಜಾನ್ಸನ್‌ನನ್ನು ಕೆಡವಿದ. ಜಾನ್ಸನ್ ಎದ್ದವನೇ ಕೊಟ್ಟ ಏಟಿಗೆ ಕೆಚೆಲ್ ಪ್ರಜ್ಞೆ ತಪ್ಪಿ ಬಿದ್ದ, ಅವನ ಹಲ್ಲಿನ ಚೂರು ಜಾನ್ಸನ್‌ನ ಗ್ಲೌಸಿನಲ್ಲಿ ನಾಟಿಕೊಂಡಿತ್ತು.

ಈಗ ರೀನೋ. ಜೆಫ್ರೀಸ್ ರಿಂಗ್ ಬಿಟ್ಟು ಐದು ವರ್ಷವಾಗಿತ್ತು, ಮೈ ಬಂದು 300 ಪೌಂಡ್ ದಾಟಿದ್ದ. ಜ್ಯಾಕ್ ಲಂಡನ್‌ನಂಥ ಲೇಖಕ ಕೂಡ ಪತ್ರಿಕೆಯಲ್ಲಿ ಬರೆದು ಅವನನ್ನು ಹೊಲದಿಂದ ಎಬ್ಬಿಸಿ ಕರೆದಿದ್ದ. ಬೆವರು ಸುರಿಸಿ 227 ಪೌಂಡಿಗೆ ಇಳಿದು ಬಂದ. ಅಂದರೆ 103 ಕಿಲೋ. ಜಾನ್ಸನ್ 208 ಪೌಂಡ್, 94 ಕಿಲೋ. ಪಂದ್ಯದ ಚಿತ್ರ ಇವತ್ತಿಗೂ ಉಳಿದಿದೆ. ಅದರಲ್ಲಿ ಜಾನ್ಸನ್‌ನ ಎಡಗೈ ನೋಡುವಂಥದ್ದು. ಗ್ಲೌಸನ್ನು ಅರೆತೆರೆದು ಜೆಫ್ರೀಸ್‌ನ ತೋಳಿನ ಸ್ನಾಯುವಿನ ಮೇಲೆ ಅಂಗೈ ಆನಿಸುತ್ತಾನೆ. ಗುದ್ದು ಹೊರಡುವುದು ಭುಜದಿಂದ. ಅದು ಮೊಳಕೈಗೆ ಬರುವ ಮೊದಲೇ ಈ ಅಂಗೈ ಒತ್ತುತ್ತದೆ, ಗುದ್ದು ಹುಟ್ಟುವಲ್ಲೇ ಸಾಯುತ್ತದೆ. ಎದುರಾಳಿಯ ಮೂಲೆಯಲ್ಲಿ ನಿಂತು ಕಾರ್ಬೆಟ್ ಒಂದೇ ಸಮ ಬೈಯುತ್ತಿದ್ದ. ಜಾನ್ಸನ್ ಜೆಫ್ರೀಸ್‌ನನ್ನು ತಬ್ಬಿ ಹಿಡಿದುಕೊಂಡೇ, ಅವನ ಹೆಗಲ ಮೇಲಿಂದ ಕತ್ತು ಚಾಚಿ ಕಾರ್ಬೆಟ್‌ಗೆ ಉತ್ತರ ಕೊಡುತ್ತಿದ್ದ. 14 ಸುತ್ತು ಹೀಗೆ. 15ನೆಯದರಲ್ಲಿ, ಜೀವಮಾನದಲ್ಲಿ ಒಮ್ಮೆಯೂ ನೆಲ ಮುಟ್ಟದ ಜೆಫ್ರೀಸ್ ಮೂರು ಸಲ ಬಿದ್ದ. ಉಳಿದ 30 ಸುತ್ತು ಬೇಕಾಗಲೇ ಇಲ್ಲ.

ಫಲಿತಾಂಶ ತಂತಿಯಲ್ಲಿ ದೇಶಕ್ಕೆಲ್ಲ ಹರಡಿದ ಸಂಜೆಯೇ ಗಲಭೆ ಶುರು. ನ್ಯೂಯಾರ್ಕಿನಿಂದ ಟೆಕ್ಸಸ್‌ವರೆಗೆ ಹತ್ತಾರು ಊರುಗಳು. ಸತ್ತವರು ಸುಮಾರು 20, ಗಾಯಗೊಂಡವರು ನೂರಾರು. ಸತ್ತವರಲ್ಲಿ ಹೆಚ್ಚಿನವರು ಕಪ್ಪುಜನ. ಪಂದ್ಯದ ಚಿತ್ರ ತೋರಿಸಬಾರದೆಂದು ಊರೂರಲ್ಲಿ ನಿಷೇಧ. 1912ರಲ್ಲಿ ಅಮೆರಿಕದ ಸಂಸತ್ತು ಮುಷ್ಟಿಯುದ್ಧದ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೇ ಅಪರಾಧ ಮಾಡಿತು. ಆ ಕಾನೂನು ರದ್ದಾದದ್ದು 1940ರಲ್ಲಿ. ಒಬ್ಬ ಮನುಷ್ಯ ಗೆದ್ದದ್ದನ್ನು ಜನ ನೋಡದಂತೆ ಮಾಡಲು 28 ವರ್ಷದ ಕಾನೂನು!

ಅದೇ 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನ್ ಜ್ಬಿಸ್ಕೋ ಎಂಬ ಕುಸ್ತಿಪಟುವನ್ನು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನೆಲಕ್ಕೆ ಒತ್ತಿ ಹಿಡಿದಿದ್ದ. ಮುಂದಿನ ವಾರದ ಮರುಪಂದ್ಯಕ್ಕೆ ಜ್ಬಿಸ್ಕೋ ಬರಲೇ ಇಲ್ಲ. ಗಾಮಾನಿಗೆ 250 ಪೌಂಡ್ ಹಣ ಮತ್ತು ಬೆಲ್ಟ್ ಸಿಕ್ಕವು. ಲೋಕದ ಚಾಂಪಿಯನ್ ಎನಿಸಿಕೊಂಡಿದ್ದ ಅಮೆರಿಕದ ಫ್ರಾಂಕ್ ಗಾಚ್ ಮಾತ್ರ ಗಾಮಾನ ಜೋಡಿಗೆ ಯಾವತ್ತೂ ಬರಲಿಲ್ಲ. ಮರುವರ್ಷ, 1911ರಲ್ಲಿ, ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಕ್ರಿಕೆಟ್ ತಂಡದಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಇದ್ದರು. ಜಾನ್ಸನ್‌ಗಿಂತ ಎರಡು ವರ್ಷ ಹಿರಿಯರು, ಚಮ್ಮಾರರ ಮನೆಯವರು. ಆ ಪ್ರವಾಸದಲ್ಲಿ ಅವರು ಕೆಡವಿದ ವಿಕೆಟ್ 114. ಪುಣೆಯಲ್ಲಿ ಆಡುವಾಗ ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲೇ ಇಲ್ಲ. ತಮ್ಮ ವಿಠ್ಠಲನ ಕಾಲಕ್ಕೆ, 1923ರಲ್ಲಿ, ಆ ಬಾಗಿಲು ತೆರೆಯಿತು. ಜಾನ್ಸನ್‌ನ ಕತೆಯನ್ನು ಅಮೆರಿಕದ ಕತೆ ಅಂತ ಓದಿ ಪಕ್ಕಕ್ಕಿಡಲು ನನಗೆ ಆಗದಿರುವುದು ಈ ಕಾರಣಕ್ಕೆ. ನಮ್ಮ ಧಾರವಾಡದವರ ಕತೆಯೂ ಅದೇ ಕಾಲದಲ್ಲಿ ನಡೆದಿದೆ.

ರಿಂಗಿನಲ್ಲಿ ಸೋಲಿಸಲಾಗದವನನ್ನು ಕೋರ್ಟಿನಲ್ಲಿ ಹಿಡಿದರು. ಹೆಣ್ಣುಮಕ್ಕಳನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿಸಬಾರದೆಂಬ ಮಾನ್ ಕಾಯಿದೆಗೆ ಸಹಿ ಬಿದ್ದದ್ದು 1910ರ ಜೂನ್ 25ರಂದು, ರೀನೋ ಪಂದ್ಯಕ್ಕೆ ಒಂಬತ್ತು ದಿನ ಮೊದಲು. ಹೆಣ್ಣುಗಳ ಮಾರಾಟ ತಡೆಯಲು ಬಂದ ಕಾನೂನನ್ನು ತನ್ನ ಗೆಳತಿಯ ಜೊತೆ ಓಡಾಡಿದವನ ಮೇಲೆ ಹೂಡಿದರು. ಜಾನ್ಸನ್ ಮದುವೆಯಾದ ಮೂವರೂ ಬಿಳಿಯ ಹೆಂಗಸರು. 1912ರ ಡಿಸೆಂಬರಿನಲ್ಲಿ ಅವನು ಲೂಸಿಲ್ ಕ್ಯಾಮರಾನ್‌ಳನ್ನು ಮದುವೆಯಾದ ಕೆಲವೇ ದಿನಗಳಲ್ಲಿ ಜಾರ್ಜಿಯಾದ ಸಂಸದನೊಬ್ಬ ಇಂಥ ಮದುವೆಗಳನ್ನೇ ನಿಷೇಧಿಸಲು ಸಂವಿಧಾನ ತಿದ್ದಬೇಕೆಂದು ಮಸೂದೆ ತಂದ. ಒಂದು ಮನೆಯ ಮದುವೆಗೆ ಇಡೀ ದೇಶದ ಸಂವಿಧಾನ! ಬಸವಣ್ಣನ ಹುಟ್ಟೂರು ಬಾಗೇವಾಡಿ ಇರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಳಯ್ಯ-ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣದಲ್ಲಿ ಎಳೆಹೂಟೆಯ ಶಿಕ್ಷೆಯಾದ ಕತೆ ನಮಗೆ ಗೊತ್ತಿದೆ.

1913ರ ಜೂನ್‌ನಲ್ಲಿ ಬಿಳಿಯರೇ ಕೂತಿದ್ದ ಜ್ಯೂರಿ ಅವನನ್ನು ಅಪರಾಧಿ ಎಂದಿತು. ಒಂದು ವರ್ಷ ಒಂದು ದಿನ ಜೈಲು, 1,000 ಡಾಲರ್ ದಂಡ. ಕೆನಡಾ ಮೂಲಕ ಯೂರೋಪಿಗೆ ತಪ್ಪಿಸಿಕೊಂಡವನು ಏಳು ವರ್ಷ ದೇಶ ಬಿಟ್ಟು ತಿರುಗಿದ.

ಆ ತಿರುಗಾಟದ ನಡುವೆ, 1915ರ ಏಪ್ರಿಲ್ 5ರಂದು, ಕ್ಯೂಬಾದ ಹವಾನಾದಲ್ಲಿ ಜೆಸ್ ವಿಲಾರ್ಡ್ ಎದುರು ಪಟ್ಟ ಹೋಯಿತು. ಜಾನ್ಸನ್‌ಗೆ 37 ತುಂಬಿ ಐದು ದಿನ. ಆರೂವರೆ ಅಡಿ ಎತ್ತರದ ವಿಲಾರ್ಡ್ ಅವನಿಗಿಂತ ಮೂರೂಮುಕ್ಕಾಲು ವರ್ಷ ಚಿಕ್ಕವನು. ಇದೂ 45 ಸುತ್ತಿನ ಕರಾರು. ಬಿದ್ದದ್ದು 26ನೇ ಸುತ್ತಿನಲ್ಲಿ, ಅಂದರೆ ಒಂದು ಗಂಟೆ ನಲವತ್ತು ನಿಮಿಷದ ತರುವಾಯ. ಗ್ಲೌಸ್ ತೊಟ್ಟು ಆಡುವ ಕಾಲ ಬಂದ ಮೇಲೆ ಇಷ್ಟು ಸುತ್ತು ನಡೆದ ಹೆವಿವೇಟ್ ಪಟ್ಟದ ಪಂದ್ಯ ಇನ್ನೊಂದಿಲ್ಲ. ಬಿದ್ದವನ ಕೈ ಕಣ್ಣಿಗೆ ಬಿಸಿಲು ಮರೆ ಮಾಡಿದಂತಿರುವ ಒಂದು ಫೋಟೋ ತೋರಿಸಿ ಪಂದ್ಯ ಮಾರಿಕೊಂಡ ಅಂತಾರೆ. ಹಣದ ಅಡಚಣೆಯಲ್ಲಿ ಅವನೇ ಆಮೇಲೆ ಹಾಗೆ ಹೇಳಿಕೊಂಡದ್ದೂ ಉಂಟು. ನಾನಂತೂ ನಂಬುವುದಿಲ್ಲ. ಬೀಳಬೇಕೆಂದು ಮಾತಾಡಿಕೊಂಡು ಬಂದವನು 25 ಸುತ್ತು ಬಿಸಿಲಿನಲ್ಲಿ ಗುದ್ದಿಸಿಕೊಂಡು ಆಮೇಲೆ ಬೀಳುತ್ತಾನೆಯೇ? ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿದ ನಮ್ಮ ಕಡೆಯ ಯಾರನ್ನಾದರೂ ಕೇಳಿ, 37ರ ವಯಸ್ಸಿಗೆ ಸುಮಾರು ಒಂದೂಮುಕ್ಕಾಲು ಗಂಟೆ ಅಂದರೇನು ಎಂದು ಹೇಳುತ್ತಾರೆ.

ಇಷ್ಟು ಅವನ ಪರವಾದ ಲೆಕ್ಕ. ಇನ್ನೊಂದು ಪುಟವೂ ಇದೆ. ಮೊದಲ ಹೆಂಡತಿ ಎಟ್ಟಾಳ ಮೇಲೆ ಅವನು ಕೈ ಮಾಡುತ್ತಿದ್ದ. 1912ರ ಸೆಪ್ಟೆಂಬರಿನಲ್ಲಿ ಅವಳು ಗುಂಡು ಹಾರಿಸಿಕೊಂಡು ಸತ್ತಳು. ಅವನನ್ನು ಹುತಾತ್ಮ ಮಾಡುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ.

ರಿಂಗಿನೊಳಗಿನ ಸಾಲವೂ ಚಿಕ್ಕದಲ್ಲ. ಜಾನ್ಸನ್ ಪಟ್ಟದಲ್ಲಿದ್ದದ್ದು 2,291 ದಿನ. ಅಷ್ಟು ಕಾಲದಲ್ಲಿ ಪಟ್ಟಕ್ಕಾಗಿ ಅವನ ಎದುರು ನಿಂತ ಕಪ್ಪು ಮನುಷ್ಯ ಒಬ್ಬನೇ, ಬ್ಯಾಟ್ಲಿಂಗ್ ಜಿಮ್ ಜಾನ್ಸನ್, 1913ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ. ಅದು ಹತ್ತು ಸುತ್ತಿಗೆ ಸಮವಾಯಿತು. ನಿಜವಾದ ಜೋಡಿಗಳು ಹೊರಗೇ ಉಳಿದರು. ಜೋ ಜೆನೆಟ್, ಜಾನ್ಸನ್ ಪಟ್ಟಕ್ಕೆ ಬರುವ ಮುಂಚೆ, ಅವನ ಜೊತೆ ಮತ್ತೆ ಮತ್ತೆ ಸೆಣಸಿದವನು. ಅದೇ ಜೆನೆಟ್ 1909ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸ್ಯಾಮ್ ಮೆಕ್‌ವೇ ಎದುರು 49 ಸುತ್ತು ಆಡಿದ. ಹತ್ತಾರು ಸಲ ಬಿದ್ದು, ಬಿದ್ದಷ್ಟೂ ಸಲ ಎದ್ದು, ಕೊನೆಗೆ ಗೆದ್ದ. ಮೂರು ಗಂಟೆ ಮೀರಿದ ಕಾಳಗ. ಅಂಥವನಿಗೂ ಪಟ್ಟದ ಪಂದ್ಯ ಸಿಗಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್‌ನ ಪಾಡು ಇನ್ನೂ ಕೆಟ್ಟದ್ದು. 1906ರಲ್ಲಿ, ಐದಡಿ ಏಳಿಂಚಿನ ಆ ಹುಡುಗ ಹತ್ತು ಕಿಲೋಗೂ ಹೆಚ್ಚು ಭಾರದ ಜಾನ್ಸನ್ ಎದುರು 15 ಸುತ್ತು ಕೊನೆಯವರೆಗೆ ನಿಂತು ಸೋತ. ಅವನು ಬೆಳೆದು ಬಲಿತ ಮೇಲೆ ಜಾನ್ಸನ್ ಮತ್ತೆ ಅವನ ಎದುರಿಗೆ ಹೋಗಲೇ ಇಲ್ಲ. ಲ್ಯಾಂಗ್‌ಫರ್ಡ್ ಸುಮಾರು 300 ಪಂದ್ಯ ಆಡಿದ, ಒಂದೂ ಹೆವಿವೇಟ್ ಪಟ್ಟಕ್ಕಲ್ಲ. 1944ರಲ್ಲಿ ಪತ್ರಕರ್ತರೊಬ್ಬರು ಅವನನ್ನು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪತ್ತೆ ಹಚ್ಚಿದಾಗ ಕಣ್ಣು ಎರಡೂ ಹೋಗಿದ್ದವು.

ಕಪ್ಪುಜನರ ನಡುವಿನ ಪಂದ್ಯಕ್ಕೆ ದುಡ್ಡು ಹುಟ್ಟುವುದಿಲ್ಲ ಎನ್ನುವುದು ಜಾನ್ಸನ್ ಕೊಟ್ಟ ಕಾರಣ. ವ್ಯಾಪಾರದ ದೃಷ್ಟಿಯಿಂದ ಅದು ಸುಳ್ಳಲ್ಲ. ಆದರೆ ಜೆಫ್ರೀಸ್‌ನ ಬಾಗಿಲಲ್ಲಿ ವರ್ಷಗಟ್ಟಲೆ ಕಾದವನು ತನ್ನ ಬಾಗಿಲಲ್ಲಿ ಲ್ಯಾಂಗ್‌ಫರ್ಡ್‌ನನ್ನು ಕಾಯಿಸಿದ ಎನ್ನುವುದು ಅದರಿಂದ ಅಳಿಯುವುದಿಲ್ಲ.

ಆ ಬಾಗಿಲು ಮುಂದೆ 22 ವರ್ಷ ಮುಚ್ಚಿಯೇ ಇತ್ತು. 1915ರಿಂದ 1937ರ ಜೂನ್‌ನಲ್ಲಿ ಜೋ ಲೂಯಿಸ್ ಗೆಲ್ಲುವ ತನಕ ಒಬ್ಬ ಕಪ್ಪು ಮನುಷ್ಯನಿಗೂ ಹೆವಿವೇಟ್ ಪಟ್ಟದ ಪಂದ್ಯ ಕೊಡಲಿಲ್ಲ. ಜಾನ್ಸನ್ 1920ರಲ್ಲಿ ತಾನಾಗಿ ಬಂದು ಶರಣಾದ, ಲೆವನ್‌ವರ್ತ್ ಜೈಲಿನಲ್ಲಿ ಶಿಕ್ಷೆ ಮುಗಿಸಿದ, 1922ರಲ್ಲಿ ಸುಧಾರಿಸಿದ ಒಂದು ಪಾನಾಕ್ಕೆ ಪೇಟೆಂಟ್ ಪಡೆದ. ಅದರ ಸಂಖ್ಯೆ 14,13,121. 1946ರ ಜೂನ್ 10ರಂದು ಕಾರು ಅಪಘಾತದಲ್ಲಿ ಸತ್ತಾಗ 68 ವರ್ಷ. 'ದ ರಿಂಗ್' ಪತ್ರಿಕೆ ಕಟ್ಟಿದ ನ್ಯಾಟ್ ಫ್ಲೈಷರ್ ತಾನು ಕಂಡ ಹೆವಿವೇಟ್‌ಗಳಲ್ಲಿ ಅವನನ್ನೇ ಮೊದಲನೆಯವನಾಗಿ ಇಟ್ಟಿದ್ದ. ಶಿಕ್ಷೆಗೆ ಕ್ಷಮಾದಾನ ಬಂದದ್ದು 2018ರ ಮೇ 24ರಂದು. ತೀರ್ಪಾಗಿ ಸುಮಾರು 105 ವರ್ಷ, ಸತ್ತು ಸುಮಾರು 72 ವರ್ಷ ಕಳೆದ ಮೇಲೆ.

ಫ್ಲೈಷರ್‌ನ ಎಣಿಕೆಗೆ ನನ್ನ ತಕರಾರಿಲ್ಲ. ತನ್ನ ಕಾಲದಲ್ಲಿ ಜಾನ್ಸನ್‌ನಷ್ಟು ಬುದ್ಧಿಯಿಂದ ಆಡಿದ ಹೆವಿವೇಟ್ ಇರಲಿಲ್ಲ. ಹೇಡಿ, ಪಂದ್ಯ ಮಾರಿಕೊಂಡವನು ಅನ್ನುವ ಮಾತುಗಳನ್ನು ಇನ್ನಾದರೂ ಕೈಬಿಡಬೇಕು. ಎಟ್ಟಾ ಮತ್ತು ಲ್ಯಾಂಗ್‌ಫರ್ಡ್ ಹೆಸರುಗಳನ್ನು ಮಾತ್ರ ಅವನ ಹೆಸರಿನ ಪಕ್ಕದಿಂದ ಅಳಿಸಬಾರದು. ರೀನೋ ಪಂದ್ಯದ ಚಿತ್ರವನ್ನು ಅಮೆರಿಕ 2005ರಲ್ಲಿ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡಿದೆ. 28 ವರ್ಷ ಕಟ್ಟಿಹಾಕಿದ್ದ ಆ ದೃಶ್ಯ ಈಗ ಲಚ್ಯಾಣದಲ್ಲಿ ಕೂತವರ ಮೊಬೈಲಿಗೂ ಬರುತ್ತದೆ. ಊರ ತಾಲೀಮಿನ ಹುಡುಗರಿಗೆ ಒಮ್ಮೆ ತೋರಿಸಿ. ಕುಸ್ತಿ ಬಲ್ಲವರ ಕಣ್ಣಿಗೆ ಆ ಎಡಗೈಯ ಕೆಲಸ ಬೇಗ ತಿಳಿಯುತ್ತದೆ.